ಕಾಯಿಲೆ ಜೋರು, ಹೊರಟು ಬನ್ನಿ

14 ಜನವರಿ 1988

ಯಾರು ಇದನ್ನು ಬಿಚ್ಚಿದ್ದು? ಮುಚ್ಚಿಡು ಮೊದಲು. ಇನ್ನೊಬ್ಬರ ಪುಸ್ತಕದಲ್ಲಿ ಮೂಗು ತೂರಿಸುವವರಿಗೆ ಮನೆಯಲ್ಲಿ ಬೇರೆ ಕೆಲಸ ಇಲ್ಲವಾ? ಅಕ್ಕಿ ಆರಿಸಿ ಆಯ್ತಾ, ಒಣಗಿದ ಬಟ್ಟೆ ಮಡಚಿ ಆಯ್ತಾ? ಗಂಗಾ, ನೀನೇ ಆಗಿದ್ದರೆ ಇನ್ನೂ ನಾಚಿಕೆಗೇಡು. ಬಿ.ಎ. ಮಾಡಿದವಳು ನಾಲ್ಕನೇ ಕ್ಲಾಸಿನ ಅಜ್ಜಿಯ ಗೀಚು ಕದ್ದು ಓದ್ತೀಯ. ಒತ್ತಕ್ಷರ ತಪ್ಪಿದೆ ಅಂತ ನಕ್ಕರೆ ಕೈ ಮುರೀತೀನಿ.

ಈ ಡೈರಿ ಕೊಟ್ಟವನು ಪಕ್ಕದ ಅಡಿಕೆ ಮಂಡಿಯ ಗುಮಾಸ್ತ ಸುಬ್ಬಯ್ಯ. "ದುಗ್ಗಮ್ಮನೋರೇ, ನಿಮ್ಮ ನಾಲಿಗೆ ಸ್ವಲ್ಪ ಹೊತ್ತು ಕಾಗದದ ಮೇಲೆ ಓಡಾಡಲಿ, ನಮ್ಮ ಕಿವಿಗೆ ರಜ" ಅಂದ. ಬಾಯಿ ಇದ್ದವನೇ ಸುಬ್ಬಯ್ಯ. ಆದರೂ ಒಳ್ಳೆಯವನು.

ಬರೆಯೋದಕ್ಕೆ ಕಾರಣ ಇದೆ. ಇವತ್ತು ಹಬ್ಬದ ದಿನ, ಹೊಸನಗರದಿಂದ ಗಂಗಾಳನ್ನು ನೋಡೋಕೆ ಬಂದಿದ್ದರು. ಹುಡುಗ ಮೇಷ್ಟ್ರು. ಎಳ್ಳು ಬೆಲ್ಲ ಇನ್ನೂ ಬಾಯಲ್ಲಿತ್ತು, ಇವಳು ಅವರ ಮುಂದೆಯೇ "ನಾನು ವಾಸಪ್ಪನ ಕೇಬಲ್ಲಿನಲ್ಲಿ ಊರ ಸುದ್ದಿ ಓದೋಕೆ ಶುರು ಮಾಡ್ತಾ ಇದ್ದೀನಿ, ಮದುವೆಯಾದರೂ ಬಿಡೋದಿಲ್ಲ" ಅಂದಳು. ಹುಡುಗನ ತಾಯಿ ಲೋಟ ಕೆಳಗಿಟ್ಟಳು. ಇಟ್ಟ ಸದ್ದಿನಲ್ಲೇ ನನಗೆ ಉತ್ತರ ಗೊತ್ತಾಯಿತು.

ಇವಳ ಅವ್ವ, ನನ್ನ ಒಬ್ಬಳೇ ಮಗಳು, ಇವಳಿಗೆ ಆರು ವರ್ಷ ಇದ್ದಾಗ ಹೋದಳು. ಅಪ್ಪ ಇನ್ನೊಂದು ಮದುವೆ ಮಾಡಿಕೊಂಡು ಸಾಗರದ ಕಡೆ ಇದ್ದಾನೆ. ಬೆಳೆಸಿದವಳು ನಾನು. ಹಾಗಾಗಿ ಬೈಸಿಕೊಳ್ಳುವವಳೂ ನಾನೇ.

2 ಫೆಬ್ರವರಿ

ವಾಸಪ್ಪ ಏಣಿ ತಂದು ನಮ್ಮ ಹೆಂಚಿನ ಮೇಲೆ ವಯರು ಎಳೆದ. ಈ ಗುಡ್ಡಗಳ ನಡುವೆ ಟಿ.ವಿ. ಹಾಕಿದರೆ ಅಕ್ಕಿ ತೌಡು ಉದುರಿದ ಹಾಗೆ ಕಾಣ್ತದೆ, ಮನುಷ್ಯರು ಕಾಣೋದಿಲ್ಲ. ಅದಕ್ಕೆ ಇವನು ಎತ್ತರದಲ್ಲಿ ದೊಡ್ಡ ಕಂಬ ನಿಲ್ಲಿಸಿ, ಅಲ್ಲಿಂದ ತೀರ್ಥಹಳ್ಳಿ ಪೇಟೆಯ ಮನೆಮನೆಗೆ ವಯರು ಕೊಟ್ಟಿದ್ದಾನೆ. ಸಂಜೆ ತನ್ನ ಅಂಗಡಿಯಲ್ಲಿ ಸಿನಿಮಾ ಕ್ಯಾಸೆಟ್ ಹಾಕಿದರೆ ಎಲ್ಲರ ಮನೆಯಲ್ಲೂ ಅದೇ ಸಿನಿಮಾ. ಇನ್ನು ಸಿನಿಮಾಕ್ಕೆ ಮುಂಚೆ ಕಾಲು ಗಂಟೆ ಇವಳ ಸುದ್ದಿಯಂತೆ, ಮದುವೆಗೆ ತರುವ ವಿಡಿಯೋ ಕ್ಯಾಮೆರಾದಲ್ಲಿ ತೆಗೆದು.

"ಊರ ಸುದ್ದಿ ಊರಿಗೇ ಹೇಳೋದಕ್ಕೆ ಪೆಟ್ಟಿಗೆ ಬೇಕಾ? ನಾನು ಬಾವಿಕಟ್ಟೆಗೆ ಹೋದರೆ ಸಾಕು" ಅಂದೆ.

"ಬಾವಿಕಟ್ಟೇಲಿ ಸುದ್ದಿ ಬೆಳೀತದೆ ಅಜ್ಜಿ. ನಾನು ಬೆಳೆಸೋದಿಲ್ಲ" ಅಂದಳು.

ರಟ್ಟಿನ ಮೇಲೆ ಬರೆದು ಅಂಗಡಿಯ ಗೋಡೆಗೆ ಹೊಡೆದಿದ್ದಾಳೆ: ಇಬ್ಬರನ್ನು ಕೇಳದೆ ಓದಬಾರದು. ಹೇಳಿದವರ ಹೆಸರನ್ನು ಯಾರಿಗೂ ಹೇಳಬಾರದು. ಎರಡೇ ಸಾಲು. ಮದುವೆಯ ಮಂತ್ರಕ್ಕಿಂತ ಭಕ್ತಿಯಿಂದ ಬರೆದಿದ್ದಾಳೆ.

19 ಫೆಬ್ರವರಿ

ಓದಿದಳು. ಮೊನ್ನೆ ಮೊದಲ ಸಲ. ನನ್ನ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು, ಕೇಳಲೂ ಇಲ್ಲ. ಕಣ್ಣು ಮಿಟುಕಿಸದೆ ಗೂಬೆಯ ಹಾಗೆ ಕೂತಿದ್ದಳು. ಸಂತೆಯಲ್ಲಿ ಎಮ್ಮೆ ಕಳೆದದ್ದು, ಆಗುಂಬೆ ಘಾಟಿಯಲ್ಲಿ ಲಾರಿ ಕೆಟ್ಟು ನಿಂತದ್ದು, ರಿಪ್ಪನ್‌ಪೇಟೆಯ ಅಡಿಕೆ ಧಾರಣೆ. ನನ್ನ ತಂಗಿ ಜಲಜನೂ ಅವಳ ಗಂಡ ಮಂಜಯ್ಯನೂ ನೋಡೋಕೆ ನಮ್ಮಲ್ಲಿಗೆ ಬಂದಿದ್ದರು, ಅವರ ಮನೆಯಲ್ಲಿ ಟಿ.ವಿ. ಇಲ್ಲ. ಮಂಜಯ್ಯ ತೊಡೆ ತಟ್ಟಿದ. "ಅತ್ತಿಗೆ, ನಿಮ್ಮ ಮೊಮ್ಮಗಳು ಎಮ್ಮೆ ಕಳೆದದ್ದನ್ನ ಪ್ರಧಾನಿ ಕಳೆದುಹೋದ ಹಾಗೆ ಹೇಳಿದಳಲ್ಲ" ಅಂದ.

ಎಮ್ಮೆ ಮಾರನೇ ದಿನ ಸಿಕ್ಕಿತಂತೆ.

11 ಏಪ್ರಿಲ್

ಪೇಟೆಯಲ್ಲಿ ಹೆಂಗಸರ ಪಾಯಿಖಾನೆಗೆ ಗುತ್ತಿಗೆದಾರ ಬೀಗ ಹಾಕಿಕೊಂಡು ಹೋಗಿದ್ದ. ಗಂಗಾ ಮೂರು ದಿನ ಆ ಬೀಗವನ್ನೇ ತೋರಿಸಿದಳು. ಮಾತಿಲ್ಲ, ಬರೀ ಬೀಗ, ಪಕ್ಕದಲ್ಲಿ ಕಾಲು ಬದಲಿಸುತ್ತ ನಿಂತ ಹೆಂಗಸರ ಚಪ್ಪಲಿಗಳು. ನಾಲ್ಕನೇ ದಿನ ಬೀಗ ತೆಗೆದರು. ಸಂತೆಗೆ ಹೋದರೆ ಗುರುತಿಲ್ಲದವರೂ "ಗಂಗಮ್ಮನ ಅಜ್ಜಿಯಾ" ಅಂತ ಕೇಳ್ತಾರೆ. ನನಗೆ ಅಂತ ಒಂದು ಹೆಸರಿದೆ ಅಂದೆ. ಆದರೂ ಸೊಪ್ಪಿನವಳು ಒಂದು ಕಟ್ಟು ಜಾಸ್ತಿ ಕೊಟ್ಟಳು, ತಗೊಂಡೆ.

8 ಜೂನ್

ಸುದ್ದಿಯ ಕೊನೆಗೆ ಈಗ ತೀರಿಕೊಂಡವರ ಹೆಸರು ಓದ್ತಾಳೆ. ಅದು ನಾನು ಹೇಳಿಕೊಟ್ಟದ್ದು. ಯಾರು ಹೋದರು ಅಂತ ಮೊದಲು ಬರೋದು ನನ್ನ ಬಾಗಿಲಿಗೇ. ಊರಿನ ಹಳೇ ತಲೆ ನಾನು, ಮಂಡಿಯ ಫೋನು ಪಕ್ಕದಲ್ಲಿದೆ. ಬರೀ ಹೆಸರು ಓದಬೇಡ, ಆ ಜೀವ ಎಂಥದ್ದು ಅಂತ ಒಂದು ಮಾತು ಸೇರಿಸು ಅಂದೆ. ಆ ಒಂದು ಮಾತು ಹುಡುಕಿ ಕೊಡುವವಳೂ ನಾನೇ. ಬೆಳ್ಳಮ್ಮ ಸತ್ತಾಗ "ಇವರು ಹಾಕಿದ ಚಾಪೆಯ ಮೇಲೆ ಮಲಗದವರು ಈ ಪೇಟೆಯಲ್ಲಿಲ್ಲ" ಅಂತ ಓದಿದಳು. ಅವಳ ಮಗ ಬಂದು ಅತ್ತ.

"ಇನ್ನೊಬ್ಬರನ್ನು ಕೇಳಬೇಕು ಅಜ್ಜಿ" ಅಂತ ಪ್ರತಿ ಸಲ ರಾಗ ತೆಗೀತಾಳೆ.

"ನಾನೇ ಇಬ್ಬರಿಗೆ ಸಮ" ಅಂತೀನಿ. ನಗ್ತಾಳೆ. ಆದರೂ ಹೋಗಿ ಕೇಳಿಕೊಂಡು ಬರ್ತಾಳೆ.

4 ಸೆಪ್ಟೆಂಬರ್

ಸಾಗರದಿಂದಲೂ ಹೊಸನಗರದಿಂದಲೂ ಕೇಬಲ್ಲಿನವರು ಬಂದಿದ್ದರು. ವಿಜಯದಶಮಿಯಿಂದ ಮೂರು ಊರಿಗೂ ಇವಳದೇ ಸುದ್ದಿ. ಕ್ಯಾಸೆಟ್ ಮಧ್ಯಾಹ್ನದ ಬಸ್ಸಿನಲ್ಲಿ ಹೋಗ್ತದೆ, ಸಂಜೆ ಅಲ್ಲೂ ಹಾಕ್ತಾರೆ. ಮೂರು ಊರಿನ ಸುದ್ದಿಗೆ ಯಜಮಾನಿ. ಇಪ್ಪತ್ತನಾಲ್ಕು ವರ್ಷ. ಆ ಗಂಡಸರು ಇವಳ ಮುಂದೆ ಬೆಂಚಿನ ತುದಿಯಲ್ಲಿ ಕೂತಿದ್ದರು. ನಾನು ಕಾಫಿ ಕೊಡೋಕೆ ಹೋದವಳು ಎರಡು ಸಲ ಹೋದೆ.

ಹೊಸನಗರದ ಆ ಹುಡುಗನ ತಾಯಿ ಈಗ ಇವಳನ್ನು ದಿನಾ ನೋಡಲಿ.

27 ಸೆಪ್ಟೆಂಬರ್

ಮಂಜಯ್ಯನಿಗೆ ಹೊಟ್ಟೆನೋವು. ಮಗ ಮುಕುಂದಯ್ಯ ಜೀಪಿನಲ್ಲಿ ಘಟ್ಟದ ಕೆಳಗಿನ ಆಸ್ಪತ್ರೆಗೆ ಕರಕೊಂಡು ಹೋದ. ಜಲಜನಿಗೆ ಮಂಡಿನೋವು, ಘಾಟಿಯ ತಿರುವಿನಲ್ಲಿ ವಾಂತಿ ಬೇರೆ, ಮನೆಯಲ್ಲೇ ಉಳಿದಳು.

30 ಸೆಪ್ಟೆಂಬರ್

ಮಂಜಯ್ಯ ಹೋದ.

ಬರೆಯೋಕೆ ಆಗೋದಿಲ್ಲ.

1 ಅಕ್ಟೋಬರ್

ಮಂಜಯ್ಯ ಬದುಕಿದ್ದಾನೆ.

ಹೇಗೆ ಆಯಿತು ಅಂತ ಬರೀತೀನಿ. ನಿನ್ನೆ ಸಂಜೆ ಐದಕ್ಕೆ ಸುಬ್ಬಯ್ಯ ಬಂದ. ಒಳಗೆ ಬರಲಿಲ್ಲ, ಮೆಟ್ಟಿಲ ಕೆಳಗೇ ನಿಂತ. "ಮುಕುಂದಯ್ಯ ಫೋನ್ ಮಾಡಿದ್ರು. ಮಂಜಯ್ಯನೋರಿಗೆ ಕಾಯಿಲೆ ಜೋರಂತೆ, ಅಮ್ಮನ್ನ ಕರಕೊಂಡು ಹೊರಟು ಬನ್ನಿ ಅಂದ್ರು" ಅಂದ. ನೀರು ಕುಡಿದು ಹೋಗು ಅಂದೆ. ಬೇಡ ಅಂದ.

ನಮ್ಮ ಕಡೆ ಸತ್ತ ಸುದ್ದಿಯನ್ನು ಸತ್ತರು ಅಂತ ಯಾರು ಹೇಳ್ತಾರೆ? ಕಾಯಿಲೆ ಜೋರು, ಹೊರಟು ಬನ್ನಿ ಅಂತಲೇ ಹೇಳೋದು. ಹೇಳಲು ಬಂದವನು ಹೊಸಿಲು ದಾಟೋದಿಲ್ಲ, ನೀರು ಮುಟ್ಟೋದಿಲ್ಲ. ನನ್ನ ಯಜಮಾನರು ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದಾಗ ನನಗೂ ಹಾಗೇ ಹೇಳಿದ್ದರು. ಇಪ್ಪತ್ತೆರಡು ವರ್ಷ ಆಯಿತು. ನಾನು ಸೆರಗಿನಲ್ಲಿ ನಾಲ್ಕು ಕಿತ್ತಳೆ ಕಟ್ಟಿಕೊಂಡು ಬಸ್ಸು ಹತ್ತಿದ್ದೆ. ದಾರಿಯುದ್ದಕ್ಕೂ ಸಿಪ್ಪೆ ಸುಲಿದು ಕೊಡಬೇಕು, ನಾರು ತೆಗೆದು ಕೊಡಬೇಕು ಅಂತ ಯೋಚನೆ. ಬಸ್ಸಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕಿತ್ತಳೆ ಹಿಡಿದವಳೊಬ್ಬಳಿಗೇ ಗೊತ್ತಿರಲಿಲ್ಲ. ಮಗಳು ಹೋದಾಗಲೂ ಅದೇ ಮಾತು ಬಂತು. ಆ ಸಲ ನಾನು ಏನೂ ಕಟ್ಟಿಕೊಳ್ಳಲಿಲ್ಲ.

ಸುಬ್ಬಯ್ಯ ಮಂಡಿಯ ಬಾಗಿಲು ತೆಗೆದಿಟ್ಟು ಬಂದಿದ್ದನಂತೆ, ಅದಕ್ಕೆ ನೀರಿಗೆ ನಿಲ್ಲಲಿಲ್ಲ. ಇವತ್ತು ಮಂಡಿಗೆ ಮತ್ತೆ ಫೋನು ಬಂದಾಗ ಗೊತ್ತಾಯಿತು, ಮುಕುಂದಯ್ಯ ಹೇಳಿದ್ದು ಬರೀ ಜೋರು ಅಂತಲೇ. ಆಪರೇಷನ್ ಮಾಡಬೇಕಾಗಿತ್ತು, ಅವ್ವ ಹತ್ತಿರ ಇರಲಿ ಅಂತ ಕರೆದದ್ದು.

ಗಂಗಾ ಓದೋಕೆ ಹೊರಟಿದ್ದಳು. ನನ್ನ ಮುಖ ನೋಡಿ ಏನಾಯ್ತು ಅಂದಳು. ಮಂಜಯ್ಯ ಹೋದ ಅಂದೆ. ಅಲ್ಲೇ ಕೂತು ಅತ್ತಳು, ಅವನ ಹೆಗಲ ಮೇಲೆ ಬೆಳೆದವಳು. ಆಮೇಲೆ ಕಣ್ಣು ಒರೆಸಿಕೊಂಡು, ಇನ್ನೊಬ್ಬರನ್ನು ಕೇಳ್ತೀನಿ ಅಂದಳು. ನಾನು ಗದರಿದೆ. "ಸ್ವಂತ ಅಜ್ಜಿ ಹೇಳಿದರೆ ಸಾಲದಾ? ಹೆಣ ತಂದು ತೋರಿಸಬೇಕಾ?" ಅಂದೆ. ಆ ಒಂದು ಮಾತನ್ನೂ ನಾನೇ ಕೊಟ್ಟೆ.

ಜಲಜನಿಗೆ ನಾನೇ ಹೋಗಿ ಹೇಳಬೇಕು ಅಂತಿದ್ದೆ. ಸುಳ್ಳು ಹೇಳಿ ಬಸ್ಸು ಹತ್ತಿಸಬಾರದು, ಕೈ ಹಿಡಿದು ನಿಜ ಹೇಳಬೇಕು ಅಂತ. ದಾರಿಯಲ್ಲಿ ತಡವಾಯಿತು. ನಾನು ಮುಟ್ಟುವಷ್ಟರಲ್ಲಿ ಪಕ್ಕದ ಮನೆಯವರು ಟಿ.ವಿ. ನೋಡಿ ಓಡಿ ಬಂದು ಹೇಳಿಬಿಟ್ಟಿದ್ದರು. ಜಲಜ ಒರಳುಕಲ್ಲಿನ ಮುಂದೆ ಕೂತಿದ್ದಳು. ಎರಡೂ ಕೈ ಬೋಳು. ಹಸಿರು ಚೂರು ಒರಳಿನೊಳಗೆಲ್ಲ.

3 ಅಕ್ಟೋಬರ್

ಮುಕುಂದಯ್ಯ ಘಟ್ಟ ಹತ್ತಿ ಬಂದ. ನಮ್ಮ ಅಂಗಳದಲ್ಲಿ ನಿಂತ. ಹಿಂದೆ ಹತ್ತು ಹನ್ನೆರಡು ಜನ.

"ನಮ್ಮಪ್ಪ ಬದುಕಿರುವಾಗ ನಮ್ಮವ್ವನ ಬಳೆ ಒಡೆಸಿದೆಯಲ್ಲ. ಯಾರು ಹೇಳಿದ್ದು ನಿಂಗೆ?"

"ತಪ್ಪು ನಂದು, ಮಾವ" ಅಂದಳು ಗಂಗಾ.

"ತಪ್ಪು ಯಾರದು ಅಂತ ನಾನು ಕೇಳ್ಲಿಲ್ಲ. ಹೇಳಿದ್ದು ಯಾರು?"

"ಅದನ್ನ ಹೇಳೋದಿಲ್ಲ."

"ಸುಬ್ಬಯ್ಯ ತಾನೇ?"

"ಸುಬ್ಬಯ್ಯ ಅಲ್ಲ. ಯಾರು ಅಂತ ಹೇಳೋದಿಲ್ಲ."

ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಈ ಪೇಟೆಯಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ. ಮುಕುಂದಯ್ಯ ಹೊರಟಾಗ "ದೊಡ್ಡಮ್ಮ, ನೀವಾದರೂ ಇವಳಿಗೆ ಬುದ್ಧಿ ಹೇಳಿ" ಅಂದ. ಹೂಂ ಅಂದೆ.

5 ಅಕ್ಟೋಬರ್

ವಯರುಗಳನ್ನು ಯಾರೋ ಕತ್ತರಿಸಿದ್ದಾರೆ. ವಾಸಪ್ಪ ಬಂದು ತಲೆ ತಗ್ಗಿಸಿಕೊಂಡು ಕೂತ. ಸಿನಿಮಾ ಮಾತ್ರ ಹಾಕು, ಸುದ್ದಿ ಬೇಡ ಅಂತ ವಯರು ತಗೊಂಡ ಮನೆಯವರೆಲ್ಲ ಹೇಳ್ತಿದ್ದಾರಂತೆ. ಸಾಗರದವರೂ ಹೊಸನಗರದವರೂ ಬೇಡ ಅಂದರು. ಗಂಗಾ ಗೋಡೆಯ ರಟ್ಟು ಕಿತ್ತು ತಂದು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದಾಳೆ.

9 ಅಕ್ಟೋಬರ್

ಸುಬ್ಬಯ್ಯನನ್ನು ಮಂಡಿಯಿಂದ ಬಿಡಿಸಿದ್ದಾರೆ. ಸತ್ತರು ಅಂತ ಹೇಳಿದ್ದು ಅವನೇ, ಗಂಗಾ ಮುಚ್ಚಿಡ್ತಿದ್ದಾಳೆ ಅಂತ ಊರೇ ತೀರ್ಮಾನ ಮಾಡಿದೆ. ನಮ್ಮ ಮನೆ ಮುಂದೆಯೇ ಹಾದು ಹೋದ. ನನ್ನನ್ನು ನೋಡಿ ತಮಾಷೆ ಮಾಡಲಿಲ್ಲ.

ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

23 ಅಕ್ಟೋಬರ್

ಮಂಜಯ್ಯ ಬಂದ. ಆಸ್ಪತ್ರೆಯಿಂದ ಬಂದು ಮೂರು ದಿನ ಆಯಿತಂತೆ. ಕೋಲೂರಿಕೊಂಡು ಒಬ್ಬನೇ ನಡೆದು ಬಂದಿದ್ದಾನೆ, ಅಂಗಿ ಗೂಟಕ್ಕೆ ನೇತುಹಾಕಿದ ಹಾಗೆ ಮೈ.

"ಗಂಗಾ, ನನ್ನ ಸಾವು ಹಾಕು ನೋಡೋಣ" ಅಂದ.

ಬೇಡ ಅಜ್ಜಯ್ಯ ಅಂದಳು. ಕೇಳಲಿಲ್ಲ. ವಾಸಪ್ಪನ ಅಂಗಡಿಯಿಂದ ಅವತ್ತಿನ ಕ್ಯಾಸೆಟ್ಟೂ ಅದನ್ನು ಓಡಿಸುವ ಪೆಟ್ಟಿಗೆಯೂ ತರಿಸಿ ಹಾಕಿಸಿದ. ನಾವು ಮೂವರು ಕೂತು ನೋಡಿದೆವು. ಪರದೆಯ ಮೇಲೆ ಗಂಗಾ, ಕಣ್ಣು ಕೆಂಪಗೆ. "ಮದುವೆಯ ದಿನ ದೋಣಿಯಲ್ಲಿ ಪೇಟ ತುಂಗೆಯ ಪಾಲಾದಾಗಲೂ ನಕ್ಕವರು ಮಂಜಯ್ಯ. ಆಮೇಲೆ ಐವತ್ತು ವರ್ಷ ಎಲ್ಲ ಕಷ್ಟಕ್ಕೂ ಹಾಗೆಯೇ ನಕ್ಕರು" ಅಂತ ಓದಿದಳು.

ಮಂಜಯ್ಯ ಚೆನ್ನಾಗಿ ಓದಿದೆ ಅಂದ. ಟವಲಿನಲ್ಲಿ ಮುಖ ಒರೆಸಿಕೊಂಡ. "ಪೇಟದ ಸಂಗತಿ..." ಅಂತ ಶುರು ಮಾಡಿ ನನ್ನ ಕಡೆ ನೋಡಿದ. ಕಾಫಿ ಕುಡಿದು ಹೋದ.

9 ನವೆಂಬರ್

ದೀಪಾವಳಿ. ಮಂಜಯ್ಯ ಹೊಸ ಬಳೆ ತಂದಿದ್ದಾನಂತೆ. ಪುರೋಹಿತರನ್ನು ಕೇಳಿ ಶಾಂತಿ ಮಾಡಿಸಿ ಆಗಿದೆ. ಜಲಜ ಕೈ ಚಾಚಲಿಲ್ಲವಂತೆ. "ಅವತ್ತು ನಾನು ಅತ್ತದ್ದು ಸುಳ್ಳಾ? ಒಂದು ಸಲ ಕಳಕೊಂಡಾಯ್ತು. ಇನ್ನೊಂದು ಸಲ ಒಡೆಯೋಕೆ ನಂಗೆ ಶಕ್ತಿ ಇಲ್ಲ" ಅಂದಳಂತೆ. ಪಕ್ಕದ ಮನೆಯವಳು ಹೇಳಿದ್ದು. ಪ್ರತಿ ವರ್ಷ ಜಲಜನ ಮನೆಯಿಂದ ಹೋಳಿಗೆ ಬರ್ತಿತ್ತು.

15 ನವೆಂಬರ್

ಗಂಗಾ ಹೋದಳು. ಹುಬ್ಬಳ್ಳಿಯಲ್ಲಿ ಮದುವೆ ಕ್ಯಾಸೆಟ್ ಕತ್ತರಿಸಿ ಜೋಡಿಸುವ ಅಂಗಡಿ. ಮೂರು ಊರಿನ ಯಜಮಾನಿಯಾಗಬೇಕಾದವಳು ಇನ್ನು ಯಾರದೋ ಧಾರೆ, ಯಾರದೋ ಆರತಕ್ಷತೆ ಅಂಟಿಸಬೇಕು.

"ಅವತ್ತು ನೀನು ಯಾಕೆ ಹೇಳಲಿಲ್ಲ ನನ್ನ ಹೆಸರು?" ಅಂತ ಬಸ್ಸಿನ ಕಿಟಕಿಯ ಕೆಳಗೆ ನಿಂತು ಕೇಳಿದೆ.

"ನಿಯಮ ಅಜ್ಜಿ. ಒಂದನ್ನು ಮುರಿದಾಗಿತ್ತು. ಇನ್ನೊಂದಾದರೂ ಉಳೀಲಿ ಅಂತ."

ಬೈಯಬೇಕಾಗಿತ್ತು. ಬೈದಿದ್ದರೆ ನಕ್ಕಾದರೂ ಹೋಗ್ತಿದ್ದಳು. ತಲೆಗೆ ಎಣ್ಣೆ ಹಚ್ಚಿಕೋ ಅಂದೆ.

20 ಡಿಸೆಂಬರ್

ಒಂದು ಕಾರ್ಡು. ಕ್ಷೇಮ. ಗಂಗಾ. ಅಷ್ಟೇ. ಕಾಲು ಗಂಟೆ ಎಡೆಬಿಡದೆ ಮಾತಾಡುತ್ತಿದ್ದವಳು.

2 ಜನವರಿ 1989

ಸಂಜೆ ಆರೂವರೆಗೆ, ಗಂಗಾ ಓದುತ್ತಿದ್ದ ಹೊತ್ತಿಗೆ, ಟಿ.ವಿ. ಹಾಕಿದೆ. ಸಿನಿಮಾ ಶುರುವಾಯಿತು. ಆರಿಸಿದೆ.

17 ಜನವರಿ

ಅಕ್ಟೋಬರಿನ ಪುಟ ತೆಗೆದು ಓದಿದೆ. ದಾರಿಯಲ್ಲಿ ತಡವಾಯಿತು ಅಂತ ಬರೆದಿದ್ದೇನೆ. ನನ್ನ ಡೈರಿಗೇ ಸುಳ್ಳು ಹೇಳಿದ್ದೇನೆ.

ದಾರಿಯಲ್ಲಿ ತಡವಾಗಲಿಲ್ಲ. ಎರಡು ಬೀದಿ ಆಚೆ ಜಲಜನ ಮನೆ, ಕುಂಟಿಕೊಂಡು ಹೋದರೂ ಮುಟ್ಟಬಹುದು. ಅವತ್ತು ಗಂಗಾ ಓದೋಕೆ ಹೋದಮೇಲೆ ನಾನು ಟಿ.ವಿ. ಮುಂದೆ ಕೂತಿದ್ದೆ. ನಾನು ಕೊಟ್ಟ ಮಾತನ್ನು ಅವಳು ಹೇಗೆ ಓದ್ತಾಳೆ ಅಂತ ಕೇಳಬೇಕಾಗಿತ್ತು. ಪೇಟದ ಮಾತು ಬಂದಾಗ ಚೆನ್ನಾಗಿದೆ ಅಂತ ಅನ್ನಿಸಿತು. ಅದು ಮುಗಿದ ಮೇಲೇ ನಾನು ಎದ್ದದ್ದು. ಆಗಲೇ ಅಲ್ಲಿ ಬಳೆ ಒಡೆದಿತ್ತು.

ಇಷ್ಟು ಬರೆಯೋಕೆ ಮೂರೂವರೆ ತಿಂಗಳು.

12 ಫೆಬ್ರವರಿ

ಮೊದಲು ಸುಬ್ಬಯ್ಯನ ಮನೆಗೆ ಹೋದೆ. ಜಗಲಿಯಲ್ಲಿ ಬೀಡಿ ಎಲೆ ಕತ್ತರಿಸುತ್ತ ಕೂತಿದ್ದ. ಗುಮಾಸ್ತನ ಕೈ, ಎಲೆ ಸೊಟ್ಟ ಬರ್ತಿತ್ತು.

"ಸುಬ್ಬಯ್ಯ, ನೀನು ಅವತ್ತು ಏನು ಹೇಳಿದೆ?"

"ಕಾಯಿಲೆ ಜೋರಂತೆ, ಹೊರಟು ಬನ್ನಿ ಅಂದೆ."

"ಹೌದು. ಅಷ್ಟೇ ಹೇಳಿದೆ. ಸತ್ತ ಅಂದವಳು ನಾನು."

ಕತ್ತರಿ ಕೆಳಗಿಟ್ಟ. "ಇದನ್ನ ನಾನು ಮೊದಲ ದಿನದಿಂದ ಬಲ್ಲೆ ದುಗ್ಗಮ್ಮನೋರೇ. ನಾನು ಹೇಳಿದರೆ ಯಾರು ನಂಬ್ತಾರೆ? ಹುಡುಗಿ ಬಾಯಿ ಬಿಡ್ಲಿಲ್ಲ, ನೀವೂ ಬಿಡ್ಲಿಲ್ಲ" ಅಂದ. ಆಮೇಲೆ, "ಬನ್ನಿ, ಮಂಡಿಗೆ ಹೋಗಿ ಯಜಮಾನರ ಮುಂದೆ ಇದನ್ನೇ ಹೇಳಿ" ಅಂದ. ಹೋದೆ. ಹೇಳಿದೆ. ಅಲ್ಲಿ ಅಡಿಕೆ ಮಾರೋಕೆ ಬಂದವರೂ ಇದ್ದರು, ಎಲ್ಲರೂ ಕೇಳಿದರು. ಇಷ್ಟು ಹೊತ್ತಿಗೆ ಸಾಗರಕ್ಕೂ ಮುಟ್ಟಿರಬೇಕು. ಇದಕ್ಕೆ ಪೆಟ್ಟಿಗೆ ಬೇಕಿಲ್ಲ.

ಅಲ್ಲಿಂದ ಜಲಜನ ಮನೆಗೆ. ನಾನು ಮೆಟ್ಟಿಲ ಕೆಳಗೇ ನಿಂತೆ.

"ಒಳಗೆ ಬಾ ಅಕ್ಕ."

"ಇಲ್ಲೇ ಹೇಳಿ ಹೋಗ್ತೀನಿ. ಗಂಗಾಗೆ ಹೇಳಿದವಳು ನಾನು. ಇನ್ನೊಬ್ಬರನ್ನು ಕೇಳಬೇಡ ಅಂತ ಗದರಿದವಳೂ ನಾನು. ನಿನ್ನ ಹತ್ತಿರ ಬರೋದು ಬಿಟ್ಟು ಟಿ.ವಿ. ನೋಡ್ತಾ ಕೂತಿದ್ದೆ."

ಜಲಜ ಹೊಸಿಲಿಗೆ ಬಂದು ನಿಂತಳು. ಕೈ ಇನ್ನೂ ಬೋಳೇ.

"ಮದುವೆ ದಿನ ಆ ದೋಣಿಯಲ್ಲಿ ಇದ್ದದ್ದು ನಾವಿಬ್ಬರು ಗಂಡ ಹೆಂಡತಿ, ನನ್ನ ಜೊತೆಗೆ ಅಂತ ಬಂದ ನೀನು. ಅಂಬಿಗ ಸತ್ತು ಎಷ್ಟೋ ಕಾಲವಾಯ್ತು" ಅಂದಳು. "ಪಕ್ಕದ ಮನೆಯವಳು ಬಂದು ಪೇಟ ಅಂತ ಅಂದ ಕೂಡಲೇ ಇದು ಅಕ್ಕನ ಮಾತು ಅಂತ ಗೊತ್ತಾಯ್ತು. ಅಕ್ಕ ಹೇಳಿದ್ದು ಅಂದಮೇಲೆ ನಿಜವೇ ಇರಬೇಕು ಅಂತ ಬಳೆ ಒಡೆದೆ. ಬೇರೆ ಯಾರು ಹೇಳಿದ್ದರೂ ಒಡೀತಿರಲಿಲ್ಲ."

ನಾನು ಅವಳ ಕೈಯನ್ನೇ ನೋಡುತ್ತ ನಿಂತೆ.

"ನೀನು ಬಂದು ಹೇಳ್ತೀಯ ಅಂತ ದೀಪಾವಳಿವರೆಗೆ ಕಾದೆ. ಆಮೇಲೆ ಕಾಯೋದು ಬಿಟ್ಟೆ."

ಒಳಗೆ ಹೋದಳು. ಬಾಗಿಲು ಹಾಕ್ತಾಳೆ ಅಂದುಕೊಂಡೆ. ಒಂದು ಚೊಂಬು ನೀರು ತಂದು ಮೆಟ್ಟಿಲ ಮೇಲಿಟ್ಟಳು. ಕೈಗೆ ಕೊಡಲಿಲ್ಲ. ಕುಡಿ ಅಂತಲೂ ಅನ್ನಲಿಲ್ಲ. ಇಟ್ಟು ನಿಂತಳು.

ಕುಡಿದೆ. ಪೂರ್ತಿ ಕುಡಿದೆ.

13 ಫೆಬ್ರವರಿ

ಗಂಗಾ, ಈ ಡೈರಿಯನ್ನು ಬಟ್ಟೆಯಲ್ಲಿ ಹೊಲಿದು ಇವತ್ತು ಪೋಸ್ಟಿಗೆ ಹಾಕ್ತೀನಿ. ಮೊದಲ ಪುಟದ ಬೈಗುಳ ಓದಿಯೇ ಮುಂದಕ್ಕೆ ಬಂದಿರ್ತೀಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವಾ. ಜೊತೆಗೆ ಅಕ್ಕಿ ಡಬ್ಬದ ಹಿಂದಿದ್ದ ರಟ್ಟು ಇದೆ. ಒಂದು ಮೂಲೆ ಇಲಿ ತಿಂದಿದೆ, ಅಕ್ಷರ ಉಳಿದಿದೆ.

ಸುಬ್ಬಯ್ಯನಿಗೆ ಮಂಡಿಯಿಂದ ಇನ್ನೂ ಕರೆ ಬಂದಿಲ್ಲ. ಜಲಜ ಬಳೆ ತೊಟ್ಟಿಲ್ಲ. ವಾಸಪ್ಪ ಸುದ್ದಿ ಮತ್ತೆ ಶುರು ಮಾಡ್ತೀನಿ ಅಂತ ಹೇಳಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ, ಬೆಳೆಸಿಲ್ಲ. ಹೇಳಿದವಳ ಹೆಸರು ದುಗ್ಗಮ್ಮ. ಜಲಜನನ್ನೂ ಸುಬ್ಬಯ್ಯನನ್ನೂ ಕೇಳು, ಇಬ್ಬರಾಯಿತು.

ಇನ್ನೊಂದು ಮಾತು. ನಾಳೆ ನಿನಗೆ ಯಾರಾದರೂ ಅಜ್ಜಿಗೆ ಕಾಯಿಲೆ ಜೋರು, ಹೊರಟು ಬಾ ಅಂತ ಹೇಳಿ ಕಳಿಸಿದರೆ, ಜೋರು ಅಂತಲೇ ತಿಳಿ. ಸತ್ತಿದ್ದರೆ ಸತ್ತಳು ಅಂತಲೇ ಹೇಳಬೇಕು ಅಂತ ಸುಬ್ಬಯ್ಯನಿಂದ ಮಾತು ತಗೊಂಡಿದ್ದೇನೆ. ಜೋರು ಅಂದರೆ ನಾನು ಬದುಕಿರ್ತೀನಿ. ಕಿತ್ತಳೆ ತಗೊಂಡು ಬಾ.

ಕ್ಷೇಮ, ಗಂಗಾ ಅಂತ ಎರಡು ಪದದ ಕಾರ್ಡು ಹಾಕಿದರೆ ಹರಿದು ಒಲೆಗೆ ಹಾಕ್ತೀನಿ. ಪುಟ ತುಂಬ ಬರೆ, ಬೈದಾದರೂ ಬರೆ. ಮಾರ್ಚ್ ಹುಟ್ಟುವುದರೊಳಗೆ ನನ್ನ ಕೈಗೆ ಉತ್ತರ ಬಂದಿರಬೇಕು.